ಎರಡೂ ಬ್ರೇಕ್ ಬಿಡದ ಜವರ

ಸಾಕಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೊಬ್ಬನೇ ಮಗ, ಜವರ. ಹೇಳಿದ್ದಷ್ಟನ್ನೇ ಮಾಡೋನು, ಹೇಳದ್ದು ಒಂದನ್ನೂ ಮಾಡೋನಲ್ಲ. ಇಂಥವನ ಜೊತೆ ಆ ತಾಯಿ ಏಗಬೇಕಲ್ಲ, ನೀವೇ ಹೇಳಿ!

ಅವರ ಮನೆ ಮುಂದಿನ ಇಳಿಜಾರಿನ ಕೆಳಗೆ ಶೇಷಪ್ಪನ ಹೋಟ್ಲು. ಅಲ್ಲಿಗೆ ದಿನಾ ಒಂದು ಮಡಕೆ ಮೊಸರು ಕೊಡೋ ವರ್ತನೆ ಸಾಕಮ್ಮನದು. ಒಲೆ ಉರೀತಿದ್ದದ್ದೇ ಅದರಿಂದ. ಮಂಡಿ ನೋವು ಬಂದು ನಡೆಯಲಾಗದೆ, ಗಂಡನ ಹಳೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಸಿಂಬಿ ಇಟ್ಟು, ಮಡಕೆ ಕಟ್ಟಿ, ಮಗನ ಕೈಗೆ ಕೊಟ್ಟಳು.

"ಹೋಟ್ಲು ಬಂದೇಟ್ಗೆ ಬ್ರೇಕ್ ಹಿಡಿಯಪ್ಪಾ!"

ಹೋಟ್ಲು ಬಂತು. ಹಿಡಿದ. ಬಲಗೈಲಿ ಮುಂದಿನ ಬ್ರೇಕೊಂದನ್ನೇ, ಗಬಕ್ಕನೆ! ಚಕ್ರ ನಿಂತಿತು, ಜವರ ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಬಿದ್ದ. ಮಡಕೆ ಚೂರುಚೂರು.

"ನಿನ್ ಮನೆ ಹಾಳಾಗ!" ಅಂದಳು ಮನೇಲಿ ಸುದ್ದಿ ಕೇಳಿದ ತಾಯಿ, ಅದು ತನ್ನದೇ ಮನೆ ಅನ್ನೋದನ್ನೂ ಮರೆತು. "ಮುಂದಿಂದೊಂದನ್ನೇ ಹಿಡೀತಾರೇನ್ಲಾ? ಮೊದ್ಲು ಹಿಂದಿಂದು ಹಿಡೀಬೇಕು, ಆಮೇಲೆ ಮುಂದಿಂದು!"

ಮಾರನೇ ದಿನ ಮೊದಲು ಹಿಂದಿನದನ್ನೇ ಹಿಡಿದ. ಎಲ್ಲಿ? ಮನೆ ಬಾಗಿಲಲ್ಲೇ! ಹಿಡಿದದ್ದನ್ನು ಬಿಡದೆ, ಹಲ್ಲು ಕಚ್ಚಿಕೊಂಡು ತುಳಿದ, ತುಳಿದ, ತುಳಿದ. ರಬ್ಬರ್ ಸುಟ್ಟ ವಾಸನೆ ಬಂತು. ಹೊತ್ತು ಇಳಿಯಿತು. ಹೋಟ್ಲು ಸೇರೋ ಹೊತ್ತಿಗೆ ಮೊಸರು ಹುಳಿ ಹುಳಿ.

"ಊಟದ ಹೊತ್ತು ಮುಗಿದ್ಮೇಲೆ ಇದನ್ನ ಯಾರ ತಲೆ ಮೇಲೆ ಸುರೀಲಿ? ನಾಳೆನೂ ಹಿಂಗಾದ್ರೆ ನಿಮ್ಮ ವರ್ತನೆನೇ ಬೇಡ!" ಅಂದ ಶೇಷಪ್ಪ. ಅವನು ಅಂದದ್ದರಲ್ಲಿ ತಪ್ಪೇನಿದೆ?

ಮನೇಲಿ ಜವರನಿಗೂ ಸಿಟ್ಟು! "ನೀನ್ ಹೇಳ್ದಂಗೇ ಮಾಡಿವ್ನಿ ಕಣವ್ವಾ!"

"ಮುಚ್ಚು ಬಾಯಿ! ನಾಳೆ ನಾನೂ ಬತ್ತೀನಿ. ನಾನ್ ಹೇಳ್ದಾಗ ಎರಡ್ನೂ ಒಟ್ಟಿಗೆ ಹಿಡಿ, ಮೆಲ್ಲಗೆ ಹಿಡಿ. ನಾನು ಬಿಡು ಅನ್ನೋಗಂಟ ಬಿಟ್ಟೀಯಾ, ಜೋಕೆ!"

ಬೆಳಗಾಯಿತು. ಸಾಕಮ್ಮ ಮಡಕೆ ಮಡಿಲಲ್ಲಿಟ್ಟುಕೊಂಡು ಕ್ಯಾರಿಯರ್ ಮೇಲೆ ಕೂತಳು.

"ಈಗ ಹಿಡಿಲಾ!"

ಹಿಡಿದ. ಎರಡೂ, ಒಟ್ಟಿಗೆ, ಮೆಲ್ಲಗೆ. ಸೈಕಲ್ಲು ಹೋಟ್ಲಿನ ಮೆಟ್ಟಿಲ ಮುಂದೆ ಸರಿಯಾಗಿ ನಿಂತಿತು. ಒಂದು ತೊಟ್ಟು ಮೊಸರು ತುಳುಕಲಿಲ್ಲ! ಮಡಕೆ ಇಸ್ಕೊಳ್ಳೋಕೆ ಶೇಷಪ್ಪ ಕೈ ಚಾಚಿದ. ಸಾಕಮ್ಮನ ಕಣ್ಣಲ್ಲಿ ನೀರೇ ಬಂತು.

ಜವರ ಮಾತ್ರ ಕಾಲು ಊರಲಿಲ್ಲ. ಊರು ಅಂತ ಯಾರು ಹೇಳಿದ್ದರು? ನಿಂತ ಸೈಕಲ್ಲು ವಾಲಿತು, ಇನ್ನೂ ವಾಲಿತು, ದೊಪ್ಪಂತ ಬಿತ್ತು. ತಾಯಿ ಚರಂಡೀಲಿ, ಮಡಕೆ ಮೆಟ್ಟಿಲ ಮೇಲೆ ಚೂರು, ಮೊಸರೆಲ್ಲ ಶೇಷಪ್ಪನ ಮೈಮೇಲೆ.

ಸೈಕಲ್ಲಿನಡಿ ಬಿದ್ದಿದ್ದ ಜವರ ಎರಡೂ ಬ್ರೇಕ್ ಬಿಗಿಯಾಗಿ ಹಿಡಿದುಕೊಂಡೇ ರೇಗಿದ:

"ಕೈ ನೋಯ್ತಾ ಅದೆ ಕಣವ್ವಾ! ಬಿಡು ಅಂತ ಒಂದ್ ಮಾತು ಹೇಳಕ್ಕೇನು ನಿಂಗೆ!"