ಕಾಳವ್ವನ ಎರಡು ಬೆರಳು

ಕೂತು ಕೇಳ್ರಿ. ನಗು ಬಂದರ ನಗ್ರಿ, ಆದರ ಕಾಳವ್ವನ ಮುಂದ ಮಾತ್ರ ನಗಬ್ಯಾಡ್ರಿ.

ಗದಗಿನ ಕಾಳವ್ವನ ಬಲಗೈ ಹತ್ತಿ ಬಿಡಿಸೋ ಗಿರಣಿ ಪಟ್ಟಾದಾಗ ಸಿಕ್ಕು ಎರಡು ಬೆರಳು ಹೋಗಿದ್ದವು. ಇರಾವ ಒಬ್ಬನೇ ಮಗ, ಅಡಿವೆಪ್ಪ. ಮೂವತ್ತು ವರ್ಷದ ಆಳು, ಹೇಳಿದ್ದನ್ನ ಹೇಳಿದಷ್ಟೇ ಮಾಡಾವ.

"ನಾ ಹೋದಮ್ಯಾಲೆ ಯಾರೋ ನಿನ್ನ ನೋಡೋರು?" ಅಂತ ತಾಯಿ ಹಣಿ ಬಡಕೊಳ್ಳಾಕಿ.

ಕಡೀಕ ದಸ್ತಗೀರ ಸಾಹೇಬರು ಅವನ್ನ ಕೆಲಸಕ್ಕ ಇಟಗೊಂಡ್ರು. ಅವರಲ್ಲಿ ಒಂದು ಯಂತ್ರ, ಅದರ ತಟ್ಟ್ಯಾಗ ಜೇನಿನಂಥಾ ದ್ರವ. ಬೆಳಕು ಬಿದ್ದಲ್ಲಿ ದ್ರವ ಗಟ್ಟಿ ಆಗತೈತಿ. ಪದರಿನ ಮ್ಯಾಲೆ ಪದರು ಕೂತು ಕಿವಿ, ಮೂಗು, ಬೆರಳು ಮೂಡತಾವು. ಕಳಕೊಂಡವರಿಗೆ ಸಾಹೇಬರು ಮಾಡಿಕೊಡತಿದ್ರು.

"ಅಡಿವೆಪ್ಪಾ, ದ್ರವದಾಗ ಕಸಾ ಬಿದ್ದೈತೇನು, ಬೆಳಕಿಗೆ ಹಿಡದು ನೋಡು."

ಅಂಗಳಕ್ಕ ಒಯ್ದ. ಬಿಸಿಲಿಗೆ ಹಿಡದ. ನೋಡಿದ, ನೋಡಿದ, ನೋಡೇ ನೋಡಿದ. ತಟ್ಟಿ ತುಂಬ ಕಲ್ಲು!

"ಕಸಾ ಇಲ್ರಿ ಸಾಹೇಬ್ರ!"

"ಅಯ್ಯ ಖೋಡಿ! ಬಿಸಿಲಿಗೆ ಯಾಕ ಒಯ್ದಿ? ಕತ್ತಲದಾಗ ಇಡಬೇಕು!"

"ಹೂಂನ್ರಿ. ಕತ್ತಲದಾಗ."

ಮರುವಾರ ಒಂದು ಕಿವಿ ಮೂಡಿತು. ಸ್ಟೋ ಸಿಡಿದು ಕಿವಿ ಸುಟ್ಟುಕೊಂಡಿದ್ದ ಶಾಂಭವಿಗೆ ಅಂತ ಮಾಡಿದ್ದು. ಅಡಿವೆಪ್ಪ ಅದನ್ನ ಕರೀ ಅರಿವ್ಯಾಗ ಸುತ್ತಿ ಟ್ರಂಕಿನಾಗ ಇಟ್ಟ. ಆಕಿ ಕನ್ನಡಿ ಹಿಡಕೊಂಡು ಬಂದ್ಲು. ಬಿಸಿಲು ಕಾಣದ ಕಿವಿ ಅಂಟಂಟು, ಕೈಯಾಗ ಜೋತುಬಿತ್ತು. ಆಕಿ ಸೆರಗು ಹೊದ್ದು ಹೋದ್ಲು.

ಸಾಹೇಬರು ಮತ್ತೊಂದು ಮಾಡಿ, ತಾವ ಒಯ್ದು ಕೊಟ್ಟುಬಂದ್ರು. ಬಂದವರೇ ಅಂದ್ರು: "ಮೊದಲ ತೊಳಿ. ಬಿಸಿಲಿಗೆ ಹಿಡಿ. ಒತ್ತಿ ನೋಡು. ಗಟ್ಟಿ ಆಗೂಮಟ ಯಾರು ಕೇಳಿದ್ರೂ ಕೊಡಬ್ಯಾಡ!"

"ಹೂಂನ್ರಿ. ಯಾರಿಗೂ ಕೊಡಂಗಿಲ್ಲ."

ಆಮ್ಯಾಲೆ ಕಾಳವ್ವನ ಎರಡು ಬೆರಳು ಮೂಡಿದವು. ಅಡಿವೆಪ್ಪ ತೊಳದ, ಬಿಸಿಲಿಗೆ ಹಿಡದ, ಒತ್ತಿ ನೋಡಿದ. ಗಟ್ಟಿ!

"ಭೇಷ್!" ಅಂದ್ರು ಸಾಹೇಬರು. ಚರ್ಮದ ಪಟ್ಟಿ ಹಾಕಿ ಆಕಿ ಕೈಗೆ ಕಟ್ಟಿದ್ರು.

ಮರುದಿನ ಮುಂಜಾನೆ ಕಾಳವ್ವ ತುಂಬಿದ ತಂಬಿಗಿ ಹಿಡಿದ್ಲು. ಜಾರಲಿಲ್ಲ. ಕಣ್ಣಾಗ ನೀರು ಬಂತು. ಅಡಿವೆಪ್ಪ ಆ ಕೈ ಹಿಡದು ಒಂದೊಂದ ಬೆರಳು ಒತ್ತಿದ. ಎರಡು ಗಟ್ಟಿ. ಮೂರು ಮೆತ್ತಗ! ಅವನ ಮಾರಿ ಸಣ್ಣದಾತು. ಕೈ ತೊಳದು ಬಿಸಿಲಿಗೆ ಹಿಡದು ಕೂತ.

"ಬಿಡೋ, ರೊಟ್ಟಿ ಬಡೀಬೇಕು."

"ಕೊಡಂಗಿಲ್ಲಬೇ. ಇನ್ನಾ ಮೂರು ಹಸಿ ಅದಾವು."

"ಅವು ನನ್ನವೋ ಯಪ್ಪಾ! ದೇವರು ಕೊಟ್ಟಿದ್ದು!"

"ಯಾರು ಮಾಡಿದ್ರೂ ಅಷ್ಟಬೇ. ಒಣಗಿಸಬೇಕು."

ಬೈದ್ಲು. ಅತ್ಲು. ನೆರಳು ಬಂದಂಗೆಲ್ಲ ಅವ ತಾಯಿನ್ನ ಕೂತ ಮಣಿ ಸಮೇತ ಎತ್ತಿ ಬಿಸಿಲಿಗೆ ಸರಿಸಿದ. ಹೊತ್ತು ಮುಳುಗಿತು. ಮತ್ತ ಒತ್ತಿ ನೋಡಿದ.

"ಇವತ್ತ ಮೋಡ ಭಾಳ ಇತ್ತಬೇ," ಅಂದ. "ನಾಳೆ ಲಗೂನ ಕೂಡೂಣು."