ಆಮೆಯಜ್ಜಿಯ ಹೆಸರಿನ ರೋಗ

ಕಡಲ ತಳದ ಬಂಡೆಯೂರಿನಲ್ಲಿ ನಕ್ಷತ್ರಮೀನುಗಳ ತೋಳುಗಳು ಕೊಳೆತು ಉದುರುತ್ತಿದ್ದವು. ಅದಕ್ಕೆ ಕಾರಣ ಹುಡುಕುತ್ತ ಆಮೆಯಜ್ಜಿ ನಲವತ್ತು ವರ್ಷ ಬಂಡೆಯಿಂದ ಬಂಡೆಗೆ ಅಲೆದಳು. ನೀರು ಬಿಸಿಯಾದ ವರ್ಷ ರೋಗ ಹೆಚ್ಚುತ್ತದೆ, ಕಿಕ್ಕಿರಿದ ಕಡೆ ಬೇಗ ಹಬ್ಬುತ್ತದೆ ಎಂದು ಖಚಿತವಾದ ಮೇಲೆ ಸಭೆಗೆ ಬಂದು ಹೇಳಿದಳು: "ಬೇಸಿಗೆಗೆ ಮುಂಚೆ ನಕ್ಷತ್ರಮೀನುಗಳನ್ನು ಆಳದ ತಂಪು ನೀರಿನಲ್ಲಿ ಚದುರಿಸಿ. ಅರ್ಧಕ್ಕರ್ಧ ಬದುಕಿಕೊಳ್ಳುತ್ತವೆ."

ಆಳದ ತಂಪು ಜಾಗವೆಲ್ಲ ಸಭಾಪತಿ ಶಾರ್ಕಿನ ವಿಹಾರಕ್ಕೆ ಮೀಸಲಾಗಿತ್ತು. "ಇಂಥ ಜೀವಮಾನದ ಸಾಧನೆಗೆ ಬರಿಯ ಒಪ್ಪಿಗೆ ಸಾಲದು. ರೋಗಕ್ಕೆ ತಮ್ಮ ಹೆಸರನ್ನೇ ಇಡುತ್ತೇವೆ," ಎಂದಿತು ಶಾರ್ಕು. ಸಭೆಯೆಲ್ಲ ರೆಕ್ಕೆ ಬಡಿಯಿತು. ಅಜ್ಜಿಗೂ ಎದೆ ಉಬ್ಬಿತು. ಚದುರಿಸುವ ಮಾತನ್ನು ಮತ್ತೆ ಎತ್ತಲು ಮರೆತೇ ಹೋಯಿತು.

ಮರುದಿನ ಅವಳು ಬಂಡೆಗೆ ಹೋದಾಗ ಕಾಯಿಲೆಯ ನಕ್ಷತ್ರಮೀನೊಂದು ಉಳಿದ ಎರಡೇ ತೋಳಿನಲ್ಲಿ ತೆವಳುತ್ತ ದೂರ ಸರಿಯಿತು.

"ಹತ್ತಿರ ಬರಬೇಡಿ ಅಜ್ಜಿ. ಊರಿಗೆ ಆಮೆರೋಗ ಬಂದಿದೆ, ಆಮೆಯನ್ನು ದೂರವಿಡಿ ಅಂತ ಸಾರಿದ್ದಾರೆ."

"ಅದನ್ನು ಕಂಡುಹಿಡಿದವಳು ನಾನು ಕಣಪ್ಪಾ."

"ಹೌದಂತೆ. ನೀವು ಕಂಡುಹಿಡಿಯದಿದ್ದರೆ ಅದು ಇರುತ್ತಲೇ ಇರಲಿಲ್ಲವಂತೆ."

ಅಜ್ಜಿ ಸಭೆಯ ಬಾಗಿಲಿಗೆ ಮತ್ತೆ ಹೋದಳು. ಸೋಂಕಿನ ಭಯದಿಂದ ಯಾರೂ ಒಳಗೆ ಬಿಡಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಬಂಡೆಗಳ ಮೇಲೆ ಒಂದು ನಕ್ಷತ್ರಮೀನೂ ಉಳಿದಿರಲಿಲ್ಲ. ರೋಗಿಗಳೇ ಇಲ್ಲದ್ದರಿಂದ ರೋಗ ನಿರ್ಮೂಲವಾಗಿದೆ ಎಂದು ಸಭಾಪತಿಗಳು ಸಂತೋಷದಿಂದ ಪ್ರಕಟಿಸಿದರು. ಆಮೆಯನ್ನು ಸಕಾಲದಲ್ಲಿ ದೂರವಿಟ್ಟಿದ್ದಕ್ಕಾಗಿ ಸಭೆ ತನಗೆ ತಾನೇ ಅಭಿನಂದನೆ ಸಲ್ಲಿಸಿಕೊಂಡಿತು.