ತಂತಿಯ ಮೇಲಿನ ಗೊರವಂಕ

ಗೀಜಗಗಳು ನೇಯುವ ಗೂಡನ್ನು ಯಾರು ಬೇಕಾದರೂ ನೋಡಿ ಕಲಿಯಬಹುದಿತ್ತು, ತಿದ್ದಲೂಬಹುದಿತ್ತು. ಅದರ ಸುದ್ದಿ ಹೇಳುವುದೇ ಗೊರವಂಕದ ಹವ್ಯಾಸ. ಬೆಳಗಾದರೆ ಕರೆಂಟು ತಂತಿಯ ಮೇಲೆ ಕೂತು ಪಾಡ್‌ಕಾಸ್ಟ್ ಶುರು: "ಕೇಳುಗರೇ, ಗೂಡಿನ ಏಳನೇ ಆವೃತ್ತಿ ಬಂದಿದೆ!" ಕೇಳುವುದಕ್ಕೆ ಕೆಳಗೊಂದು ಎಮ್ಮೆ.

ಒಂದು ದಿನ ಗೀಜಗವೊಂದು ಕೂಗಿತು: "ಅಣ್ಣಾ, ಗೂಡಿನ ತಳ ಬಿಚ್ಚುತ್ತಿದೆ, ಒಳಗೆ ಮೊಟ್ಟೆಯಿದೆ. ನಾನು ಗಂಟು ಹಾಕುವ ತನಕ ಈ ಎಳೆ ಕಚ್ಚಿ ಹಿಡಿದುಕೊಳ್ಳಿ."

ಗೊರವಂಕ ಹಾರಿಬಂದು ಎಳೆ ಕಚ್ಚಿತು. ಆದರೆ ಇಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? "ಕೇಳುಗರೇ, ಈಗ ಸ್ವತಃ ನಾನೇ ನೇಯುತ್ತಿದ್ದೇನೆ!" ಎಂದು ಬಾಯಿಬಿಟ್ಟಿತು. ಎಳೆ ಜಾರಿತು, ಮೊಟ್ಟೆ ನೆಲಕ್ಕೆ ಬಿತ್ತು.

ಮರುದಿನ ಅದೇ ತಂತಿಯ ಮೇಲೆ ಗೊರವಂಕ ಗಂಟಲು ಸರಿಮಾಡಿಕೊಂಡಿತು: "ಗೀಜಗಗಳ ಕೆಲಸ ಈಚೆಗೆ ಯಾಕೋ ಸಡಿಲ, ಕೇಳುಗರೇ. ಕಣ್ಣಾರೆ ಕಂಡು ಹೇಳುತ್ತಿದ್ದೇನೆ."